ಎಐಗೆ ಕೊಡುವ ಮುನ್ನ: ಅಸ್ಸಿಯಿಂದ ದೊಡ್ಡಪ್ಪನ ಕಿವಿಮಾತು

ಮಗಳೇ, ನೀನು ಕಳಿಸಿದ ಪಟ್ಟಿ ನೋಡಿದೆ. ಅಜ್ಜ-ಅಜ್ಜಿ ಕಾಶಿಯಾತ್ರೆಗೆ ಬಂದಾಗಿನ ವಿಎಚ್‌ಎಸ್, ನಿನ್ನ ಅತ್ತೆಯ ಮದುವೆಯ ವಿಸಿಡಿ, ಅಮೆರಿಕದ ಚಿಕ್ಕಪ್ಪ ಹಿಡಿದ ಮಿನಿ ಡಿವಿ, ತುಳಸಿ ಘಾಟಿನ ಧ್ರುಪದ ಮೇಳದ್ದೊಂದು ಹೈ8. ಎಲ್ಲವನ್ನೂ ಟೋಪಾಜ್ ಎಂಬ ಎಐ ತಂತ್ರಾಂಶಕ್ಕೆ ಹಾಕಿ ಫೋರ್‌ಕೆ ಮಾಡಿಬಿಡುತ್ತೇನೆ ಎಂದು ಬರೆದಿದ್ದೀಯ. ಮಾಡು, ಬೇಡ ಅನ್ನುವುದಿಲ್ಲ. ಅದಕ್ಕೆ ಮುಂಚಿನ ಕೆಲಸ ಒಂದಷ್ಟಿದೆ. ಕಾಶಿಯ ಅಸ್ಸಿ ಘಾಟಿನಲ್ಲಿ ಕೂತು ಹನುಮಾನ್ ಘಾಟಿನ ಕಡೆಯ ನಮ್ಮ ದಕ್ಷಿಣದವರ ಮನೆಗಳ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಾ ಬಂದವನು ನಾನು. ಆ ಅನುಭವದಿಂದ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಎಐ ತನಗೆ ಕಾಣದ್ದನ್ನು ಊಹಿಸಿ ತುಂಬುತ್ತದೆ. ಅದರ ಊಹೆಗೆ ಎಷ್ಟು ಕಡಿಮೆ ಜಾಗ ಬಿಡುತ್ತೀಯೋ ಅಷ್ಟರಮಟ್ಟಿಗೆ ನಮ್ಮವರ ಮುಖ ನಮ್ಮವರದಾಗಿಯೇ ಉಳಿಯುತ್ತದೆ. ಕೆಳಗೆ ಬರೆದದ್ದೆಲ್ಲ ಇದೊಂದೇ ಕಾರಣಕ್ಕೆ.

• ಮೊದಲು ಟೇಪನ್ನು ಕಣ್ಣಿಟ್ಟು ನೋಡು. ಇಲ್ಲಿ ಮಳೆಗಾಲದಲ್ಲಿ ಗಂಗೆ ಉಕ್ಕಿ ಅಸ್ಸಿಯ ಮೆಟ್ಟಿಲು ಹತ್ತಿ ಬಂದಾಗ ಮನೆಯೊಳಗೂ ತೇವ ಇಳಿಯುತ್ತದೆ. ಮಲೆನಾಡು, ಕರಾವಳಿಯ ಮನೆಗಳ ಕಥೆಯೂ ಅದೇ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಅಂಚಿಗೆ ಬಿಳಿ ಪುಡಿ ಕಂಡರೆ ಅದು ಬೂಸ್ಟು. ಅಂಥದ್ದನ್ನು ಡೆಕ್ಕಿಗೆ ಹಾಕಲೇಬೇಡ, ಒಂದು ಟೇಪಿನ ಬೂಸ್ಟು ಡೆಕ್ಕಿಗೆ ಅಂಟಿ ಮುಂದಿನ ಟೇಪುಗಳಿಗೂ ಹರಡುತ್ತದೆ. ಅಂಥವನ್ನು ಬೇರೆ ಇಟ್ಟು, ಶುಚಿ ಮಾಡುವುದು ಗೊತ್ತಿರುವವರಿಗೆ ಕೊಡು. ಡೆಕ್ಕನ್ನೂ ಜೋಪಾನ ಮಾಡು. ಕೊನೆಗೆ ಉಳಿದಿದ್ದ ಜಪಾನಿನ ಫುನಾಯ್ ಕಂಪನಿ ವಿಸಿಆರ್ ತಯಾರಿಕೆ ನಿಲ್ಲಿಸಿದ್ದು 2016ರಲ್ಲಿ. ಇನ್ನು ಸಿಗುವುದೆಲ್ಲ ಹಳೆಯದೇ.

• ವಿಸಿಡಿಯಿಂದ ಶುರು ಮಾಡಬೇಡ. ವಿಸಿಡಿಯ ಚಿತ್ರ 352×288 ಚುಕ್ಕಿಗಳದ್ದು, ಅದೂ ಹಿಂಡಿ ಹಿಪ್ಪೆ ಮಾಡಿದ್ದು. ಮದುವೆ ಸ್ಟುಡಿಯೋದವರು ಮೂಲ ಟೇಪನ್ನೂ ಕೊಟ್ಟಿದ್ದರೆ ಅದು ಯಾವುದೋ ಟ್ರಂಕಿನಲ್ಲಿ ಇದ್ದೇ ಇರುತ್ತದೆ, ಅತ್ತೆಯನ್ನು ಕೇಳು. ಟೇಪಿನಲ್ಲಿ 576 ಗೆರೆ ಇವೆ. ಟೇಪು ಸಿಗದೇ ಹೋದರೆ ಮಾತ್ರ ವಿಸಿಡಿ. ಆಗ ಮುಂದೆ ಹೇಳುವ ಸ್ಕ್ರಿಪ್ಟಿನಲ್ಲಿ ಮೊದಲ ಕೆಲಸ ಆ ಚೌಕ ಚೌಕದ ಕಲೆಗಳನ್ನು ತಿಳಿಮಾಡುವ ಡಿಬ್ಲಾಕಿಂಗ್. ಇಲ್ಲದಿದ್ದರೆ ಎಐ ಆ ಚೌಕಗಳನ್ನೇ ರೇಷ್ಮೆಯ ನೇಯ್ಗೆ ಎಂದುಕೊಂಡು ತಿದ್ದಿ ತೀಡುತ್ತದೆ.

• ಇಳಿಸಿಕೊಳ್ಳುವಾಗ ಏನೂ ಕಳೆಯದ ರೂಪದಲ್ಲಿ ಇಳಿಸಿಕೊ. ಹಫ್‌ವೈಯುವಿ ಆಗಬಹುದು, ಎಫ್‌ಎಫ್‌ವಿ1 ಆಗಬಹುದು. ಎರಡನೆಯದು 2021ರಲ್ಲಿ ಅಂತರಜಾಲದ ಮಾನಕ ಸಂಸ್ಥೆ ಐಇಟಿಎಫ್‌ನ ದಾಖಲೆಗಳಲ್ಲೂ ಸೇರಿದೆ, ಹಾಗಾಗಿ ಮುಂದೆ ತೆರೆಯಲಾಗದು ಎಂಬ ಭಯ ಕಡಿಮೆ. ಏನೂ ಹಿಂಡದೆ ಇಟ್ಟರೆ ಒಂದು ಗಂಟೆಗೆ ಸುಮಾರು 75 ಜಿಬಿ ಬೇಕು, ಈ ರೂಪಗಳಲ್ಲಿ ಅದರ ಅರ್ಧವೋ ಇನ್ನೂ ಕಡಿಮೆಯೋ ಸಾಕು. ಎಸ್-ವಿಡಿಯೊ ಪಿನ್ ಇರುವ ಡೆಕ್ ಸಿಕ್ಕರೆ ಹಳದಿ ಪಿನ್ನು ಬಿಟ್ಟು ಅದನ್ನೇ ಬಳಸು, ಬನಾರಸಿ ಸೀರೆಯ ಜರಿ ಅಂಚಿನ ಮೇಲೆ ತೆವಳುವ ಚುಕ್ಕಿ, ಕಾಮನಬಿಲ್ಲಿನ ಬಣ್ಣ ಬಹಳಷ್ಟು ತಗ್ಗುತ್ತದೆ. ಮಿನಿ ಡಿವಿಯದ್ದು ಬೇರೆ ದಾರಿ: ಅದು ಹುಟ್ಟಾ ಡಿಜಿಟಲ್, ಫೈರ್‌ವೈರ್‌ನಲ್ಲಿ ಇದ್ದದ್ದು ಇದ್ದಹಾಗೆ ನಕಲಾಗುತ್ತದೆ, ಗಂಟೆಗೆ 13 ಜಿಬಿ.

• ಚಿತ್ರ ಓಲಾಡುತ್ತಿದೆಯೇ ಎಂದು ಘಾಟಿನ ಬಿದಿರು ಛತ್ರಿಗಳ ಕೋಲು ನೋಡಿ ತಿಳಿ. ಕೋಲು ಹಾವಿನಂತೆ ಬಳುಕಿದರೆ ಟೇಪಿನ ಗೆರೆಗಳು ಹೊತ್ತು ತಪ್ಪಿ ಬರುತ್ತಿವೆ. ಇದನ್ನು ಇಳಿಸಿಕೊಳ್ಳುವಾಗಲೇ ಟೈಮ್‌ಬೇಸ್ ಕರೆಕ್ಟರ್‌ನಿಂದ ಸರಿಮಾಡಬೇಕು. ಕೆಲವು ಹಳೆಯ ಡಿವಿಡಿ ರೆಕಾರ್ಡರುಗಳ ಮೂಲಕ ಹಾಯಿಸಿದರೂ ಗೆರೆ ನೆಟ್ಟಗಾಗುತ್ತದೆ. ಆಮೇಲೆ ಸ್ಕ್ರಿಪ್ಟಿನಿಂದಾಗಲೀ ಎಐನಿಂದಾಗಲೀ ಇದು ಸರಿಹೋದದ್ದನ್ನು ನಾನು ಕಂಡಿಲ್ಲ.

• ಈಗ ಸ್ಕ್ರಿಪ್ಟಿನ ಮಾತು. ಬೆನ್ ರುಡಿಯಾಕ್-ಗೂಲ್ಡ್ ಶುರುಮಾಡಿದ ಅವಿಸಿಂತ್ ಕಾಲು ಶತಮಾನದಿಂದ ಇದೆ. ಫ್ರೆಡ್ರಿಕ್ ಮೆಲ್ಬಿನ್ 2012ರಲ್ಲಿ ಹೊರತಂದ ವೇಪರ್‌ಸಿಂತ್ ಪೈಥಾನ್ ಭಾಷೆಯಲ್ಲಿ ನಡೆಯುತ್ತದೆ, ನಿನಗೆ ಪೈಥಾನ್ ಬರುವುದರಿಂದ ಅದೇ ಹಿಡಿಸೀತು. ಎರಡೂ ಉಚಿತ. ನೀನು ಹತ್ತು-ಹದಿನೈದು ಸಾಲಿನ ಪಠ್ಯ ಬರೆದಿಟ್ಟರೆ ಅದು ಒಂದೊಂದೇ ಫ್ರೇಮನ್ನು ಆ ಕ್ರಮದಲ್ಲಿ ಹದಮಾಡಿ ಮುಂದಕ್ಕೆ ಕೊಡುತ್ತದೆ, ಮೂಲ ಫೈಲನ್ನು ಮುಟ್ಟುವುದಿಲ್ಲ. ಎಡಿಟಿಂಗ್ ತಂತ್ರಾಂಶದಲ್ಲಿ ಯಾವ ಗುಂಡಿ ಎಷ್ಟು ತಿರುಗಿಸಿದೆ ಎಂಬುದು ಮರೆತೇ ಹೋಗುತ್ತದೆ. ಸ್ಕ್ರಿಪ್ಟಿನಲ್ಲಿ ಎಲ್ಲವೂ ಅಕ್ಷರದಲ್ಲಿ ಇರುತ್ತದೆ. ನಾಳೆ ಇನ್ನೂ ಒಳ್ಳೆಯ ಎಐ ಬಂದಾಗ ಅದೇ ಸಾಲುಗಳನ್ನು ಮತ್ತೆ ಓಡಿಸಬಹುದು. ಬರೆಯುವ ಗೋಜೇ ಬೇಡ ಅನ್ನುವವರಿಗೆ ಹೈಬ್ರಿಡ್ ಎಂಬ ತಂತ್ರಾಂಶ ಇದೆ, ಗುರುತು ಹಾಕುತ್ತಾ ಹೋದರೆ ಸ್ಕ್ರಿಪ್ಟನ್ನು ಅದೇ ಬರೆದುಕೊಡುತ್ತದೆ.

• ಕ್ರಮ ಮುಖ್ಯ. ಅನ್ನ ಬೆಂದ ಮೇಲೆ ಅಕ್ಕಿಯ ಕಲ್ಲು ಆರಿಸಲು ಬರುವುದಿಲ್ಲ. ಫೀಲ್ಡ್ ಬಿಡಿಸುವುದು, ಬೆಳಕು-ಬಣ್ಣ ಸರಿಮಾಡುವುದು, ಚಿತ್ರದ ಮೇಲಿನ ಕಾಳುಕಾಳನ್ನು (ನಾಯ್ಸ್) ಹಗುರಾಗಿ ತಗ್ಗಿಸುವುದು, ಅಂಚು ಕತ್ತರಿಸುವುದು, ಆಮೇಲೆ ಎಐ. ದೋಣಿಯಿಂದ ಹಿಡಿದ ಅಲುಗಾಟವನ್ನು ನಿಲ್ಲಿಸುವ ಸ್ಟೆಬಿಲೈಸೇಶನ್ ಬೇಕಿದ್ದರೆ ಅದೂ ಫೀಲ್ಡ್ ಬಿಡಿಸಿದ ನಂತರವೇ.

• ಫೀಲ್ಡ್ ಬಿಡಿಸುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ನಮ್ಮ ದೇಶದಲ್ಲಿ ಇದ್ದದ್ದು ಪಾಲ್ ಪದ್ಧತಿ: 625 ಗೆರೆ, ಅದರಲ್ಲಿ ಚಿತ್ರಕ್ಕೆ 576, ಸೆಕೆಂಡಿಗೆ 25 ಫ್ರೇಮ್. ಆದರೆ ಒಂದೊಂದು ಫ್ರೇಮೂ ಎರಡು ಫೀಲ್ಡ್‌ಗಳ ಹೆಣಿಗೆ. ಬೆಸ ಗೆರೆಗಳು ಒಂದು ಕ್ಷಣದ್ದು, ಸಮ ಗೆರೆಗಳು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹಿಂದಿನ ಅಥವಾ ಮುಂದಿನ ಕ್ಷಣದ್ದು. ಹಳೆಯ ಟಿವಿಯಲ್ಲಿ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಚಲಿಸುವ ಎಲ್ಲದರ ಅಂಚಿಗೂ ಬಾಚಣಿಗೆಯ ಹಲ್ಲು ಮೂಡುತ್ತದೆ. ಹಾಗೇ ಎಐಗೆ ಕೊಟ್ಟರೆ ಅದು ಆ ಹಲ್ಲುಗಳನ್ನು ಚಿತ್ರದ ಭಾಗವೆಂದೇ ನಂಬುತ್ತದೆ. ಗಂಗೆಯ ಅಲೆ ಮೀನಿನ ಹುರುಪೆಯಾಗುತ್ತದೆ, ಆರತಿಯ ಕೈ ಪಟ್ಟೆ ಪಟ್ಟೆಯಾಗುತ್ತದೆ.

ಬೇಗ ಮುಗಿಸಬೇಕೆಂದು ಕೆಲವರು ಒಂದು ಫೀಲ್ಡನ್ನು ಎಸೆದುಬಿಡುತ್ತಾರೆ. ಲೆಕ್ಕ ಹಾಕಿ ನೋಡು. ನಿಂತ ಮನುಷ್ಯನ ತಲೆ ಅವನ ಎತ್ತರದ ಸುಮಾರು ಎಂಟನೇ ಒಂದು ಪಾಲು. ಚೌಕಟ್ಟಿನ ತುಂಬ ಒಬ್ಬರೇ ನಿಂತಿದ್ದರೆ ಮುಖಕ್ಕೆ 72 ಗೆರೆ. ಘಾಟಿನ ಮೆಟ್ಟಿಲ ಮೇಲೆ ಇಡೀ ಸಂಸಾರ ನಿಂತ ದೂರದ ನೋಟದಲ್ಲಿ ಒಬ್ಬೊಬ್ಬರ ಎತ್ತರ ಚೌಕಟ್ಟಿನ ಕಾಲುಭಾಗ ಎಂದಿಟ್ಟುಕೊ, ಅಜ್ಜಿಯ ಮುಖಕ್ಕೆ ಸಿಗುವುದು 18 ಗೆರೆ. ಒಂದು ಫೀಲ್ಡ್ ಎಸೆದರೆ 9. ಒಂಬತ್ತು ಗೆರೆಯಲ್ಲಿ ಕಣ್ಣು ಎಲ್ಲಿ, ಮೂಗುಬೊಟ್ಟು ಎಲ್ಲಿ? ಉಳಿದ ಮುಖವನ್ನೆಲ್ಲ ಎಐ ತಾನೇ ಹುಟ್ಟಿಸುತ್ತದೆ.

ಅದಕ್ಕೇ ಕ್ಯೂಟಿಜಿಎಂಸಿ ಎಂಬ ಸ್ಕ್ರಿಪ್ಟನ್ನು ಬಳಸು. ಹಿಂದಿನ ಮುಂದಿನ ಫೀಲ್ಡ್‌ಗಳಲ್ಲಿ ಚಲನೆಯ ಜಾಡು ಹಿಡಿದು, ಇಲ್ಲದ ಗೆರೆಗೆ ಬೇಕಾದ ಮಾಹಿತಿಯನ್ನು ಅದು ಟೇಪಿನಿಂದಲೇ ಹುಡುಕಿ ತರುತ್ತದೆ. ನಿಧಾನ, ನಿಜ. ಕಾಶಿಯ ವಿಡಿಯೊಗಳಿಗೆ ಇದು ಬೇಕೇ ಬೇಕು ಅನ್ನಲು ಇನ್ನೊಂದು ಕಾರಣ ಘಾಟಿನ ಮೆಟ್ಟಿಲುಗಳು. ಅವೆಲ್ಲ ತೆಳ್ಳನೆಯ ಅಡ್ಡಗೆರೆಗಳು. ಸಾಧಾರಣ ವಿಧಾನದಲ್ಲಿ ಫೀಲ್ಡ್ ಬಿಡಿಸಿದರೆ ಅವು ಒಂದೇ ಸಮನೆ ಮಿಣಮಿಣ ನಡುಗುತ್ತವೆ, ಎಐ ಆ ನಡುಕವನ್ನು ಇನ್ನಷ್ಟು ಚೂಪು ಮಾಡುತ್ತದೆ. ಕ್ಯೂಟಿಜಿಎಂಸಿಯಲ್ಲಿ ಮೆಟ್ಟಿಲು ಕಲ್ಲಿನಂತೆ ನಿಲ್ಲುತ್ತದೆ. ಟೋಪಾಜ್‌ನಲ್ಲೂ ಇಂಟರ್‌ಲೇಸ್ ವಿಡಿಯೊಗೆಂದೇ ಡಯೋನಿ ಎಂಬ ಮಾದರಿ ಇದೆ. ಅದನ್ನೂ ಒಮ್ಮೆ ಹೋಲಿಸಿ ನೋಡು. ನನ್ನ ಆಯ್ಕೆ ಮಾತ್ರ ಮೊದಲು ಕ್ಯೂಟಿಜಿಎಂಸಿ, ಆಮೇಲೆ ಟೋಪಾಜ್‌ನದೇ ಪ್ರೋಟಿಯಸ್ ಮಾದರಿ.

• ಯಾವ ಫೀಲ್ಡ್ ಮೊದಲು ಎಂಬುದನ್ನು ಸ್ಕ್ರಿಪ್ಟಿಗೆ ನೀನೇ ಹೇಳಬೇಕು. ಡಿವಿಯಲ್ಲಿ ಕೆಳಗಿನದು ಮೊದಲು. ವಿಎಚ್‌ಎಸ್‌ನಿಂದ ಇಳಿಸಿಕೊಂಡದ್ದರಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು, ಆದರೂ ಕಾರ್ಡಿನಿಂದ ಕಾರ್ಡಿಗೆ ಬದಲಾಗುವುದುಂಟು. ಪರೀಕ್ಷೆ ಸುಲಭ: ಫೀಲ್ಡ್‌ಗಳನ್ನು ಬೇರ್ಪಡಿಸಿ, ಅಡ್ಡಕ್ಕೆ ಸಾಗುವ ದೋಣಿಯೊಂದನ್ನು ಒಂದೊಂದೇ ಹೆಜ್ಜೆ ನೋಡು. ಮುಂದೆ ಮುಂದೆಯೇ ಹೋದರೆ ಸರಿ. ಮುಂದೆ ಎರಡು ಹೆಜ್ಜೆ ಹಿಂದೆ ಒಂದು ಹೆಜ್ಜೆ ಇಟ್ಟರೆ ಕ್ರಮ ತಿರುಗಿದೆ.

• ಬಿಡಿಸಿದ ಮೇಲೆ ಸೆಕೆಂಡಿಗೆ 50 ಫ್ರೇಮ್ ಬರುತ್ತದೆ. ಅದನ್ನು 25ಕ್ಕೆ ಇಳಿಸಬೇಡ. ಐವತ್ತೂ ಕ್ಯಾಮೆರಾ ನಿಜವಾಗಿ ಕಂಡ ಕ್ಷಣಗಳು. ಅರ್ಧ ಎಸೆದು, ನಂತರ ‘ನಯವಾಗಿಸು’ ಎಂದು ಎಐನಿಂದ ನಡುವಿನ ಫ್ರೇಮ್ ಹುಟ್ಟಿಸುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಧ್ರುಪದ ಟೇಪಿನಲ್ಲಿ ಪಖಾವಜದ ಮೇಲೆ ಬೀಳುವ ಬೆರಳು ಎಲ್ಲಿತ್ತೋ ಅಲ್ಲೇ ಕಾಣಬೇಕು.

• ಚಿಕ್ಕಪ್ಪನ ಟೇಪು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯದು: 480 ಗೆರೆ, ಸೆಕೆಂಡಿಗೆ 29.97 ಫ್ರೇಮ್. ಅದಕ್ಕೆ ಬೇರೆಯದೇ ಸ್ಕ್ರಿಪ್ಟ್. ನಮ್ಮ ಟೇಪುಗಳ ಜೊತೆ ಒಂದೇ ಟೈಮ್‌ಲೈನಿಗೆ ಮೊದಲೇ ಸೇರಿಸಬೇಡ.

• ಬೆಳಗಿನ ಬೆಳಕು. ಕಾಶಿಯ ಘಾಟುಗಳು ಪೂರ್ವಕ್ಕೆ ಮುಖ ಮಾಡಿವೆ, ಸೂರ್ಯ ಹುಟ್ಟುವುದು ಆಚೆ ದಡದ ಮರಳಿನ ಮೇಲೆ. 2014ರಿಂದ ಅಸ್ಸಿಯಲ್ಲಿ ನಡೆಯುತ್ತಿರುವ ‘ಸುಬಹ್-ಎ-ಬನಾರಸ್’ ನೋಡಲು ಬಂದವರಾಗಲೀ ಅದಕ್ಕೂ ಮುಂಚೆ ಬಂದವರಾಗಲೀ ಎಲ್ಲರೂ ಕ್ಯಾಮೆರಾ ತಿರುಗಿಸುವುದು ಆ ಕಡೆಗೇ. ಹಾಗಾಗಿ ಚಿತ್ರದಲ್ಲಿ ಬೆಳಕು ಹೆಚ್ಚಾಗಿರುತ್ತದೆ. ಟಿವಿ ಚಿತ್ರದ ಡಿಜಿಟಲ್ ಲೆಕ್ಕದಲ್ಲಿ ಕಪ್ಪು 16, ಬಿಳುಪು 235. ಮನೆಯ ಕ್ಯಾಮ್‌ಕಾರ್ಡರುಗಳು 235ರ ಮೇಲೂ ಬರೆದಿಡುತ್ತವೆ. ನೀರಿನ ಮೇಲಿನ ಹೊಳಪು, ಬಿಳಿ ಪಂಚೆಯ ಮಡಿಕೆ ಇರುವುದು ಆ ಮೇಲಿನ ಭಾಗದಲ್ಲೇ. ಎಐ ತಂತ್ರಾಂಶ ಚಿತ್ರವನ್ನು ಆರ್‌ಜಿಬಿಗೆ ತಿರುಗಿಸಿಕೊಳ್ಳುವಾಗ ಅದು ಕತ್ತರಿಸಿ ಹೋಗುತ್ತದೆ, ಮತ್ತೆ ಸಿಗದು. ಸ್ಕ್ರಿಪ್ಟಿನಲ್ಲಿ ಹಿಸ್ಟೋಗ್ರಾಂ ತೆರೆದು ನೋಡಿ, ಲೆವೆಲ್ಸ್‌ನಿಂದ ಅದನ್ನು 235ರ ಒಳಗೆ ಇಳಿಸಿಕೊ. ಮೊದಲು ಬರೀ ಬಿಳುಪಾಗಿದ್ದ ಅಜ್ಜನ ಶಲ್ಯದಲ್ಲಿ ಅಂಚಿನ ಗೆರೆ ಕಾಣಿಸಿಕೊಂಡೀತು.

• ಕೆಂಪು ಬಣ್ಣ. ವಿಎಚ್‌ಎಸ್ ಬಣ್ಣಕ್ಕೆ ಕೊಡುವ ಜಾಗ ಬಹಳ ಕಡಿಮೆ, ಹಾಗಾಗಿ ಕೆಂಪು ಸೀರೆ, ಕುಂಕುಮ ತಮ್ಮ ಗಡಿ ದಾಟಿ ಪಕ್ಕಕ್ಕೆ ಜರುಗಿರುತ್ತವೆ. ಸ್ಕ್ರಿಪ್ಟಿನಲ್ಲಿ ಬಣ್ಣವನ್ನಷ್ಟೇ ಕೆಲವು ಚುಕ್ಕಿ ಸರಿಸಿ ಜಾಗಕ್ಕೆ ಕೂರಿಸಬಹುದು. ಬಣ್ಣದ ಗಲೀಜನ್ನು ಬೆಳಕಿಗಿಂತ ಹೆಚ್ಚಾಗಿಯೇ ಒರೆಸಬಹುದು, ಕಣ್ಣಿಗೆ ನಷ್ಟ ಗೊತ್ತಾಗುವುದಿಲ್ಲ. ಹಳೆಯ ಟಿವಿಯ ಬಣ್ಣದ ಲೆಕ್ಕಕ್ಕಿರುವ ಮಾನಕ 601, ಎಚ್‌ಡಿಯದ್ದು 709. ಹಿಗ್ಗಿಸಿದ ಮೇಲೆ ಅದನ್ನು ಬದಲಿಸದೇ ಬಿಟ್ಟರೆ ಚರ್ಮದ ಬಣ್ಣವೂ ಕುಂಕುಮದ ಕೆಂಪೂ ಬೇರೆಯಾಗುತ್ತವೆ.

• ಕಾಳುಕಾಳನ್ನು ಪೂರ್ತಿ ಅಳಿಸಬೇಡ. ರಾತ್ರಿಯ ಆರತಿಯಲ್ಲಿ ಕ್ಯಾಮೆರಾ ತಾನಾಗಿ ಗೇನ್ ಏರಿಸಿಕೊಂಡು ಕತ್ತಲೆಯ ತುಂಬ ಇರುವೆ ಹರಿದಾಡಿಸಿರುತ್ತದೆ. ಚಲನೆಯನ್ನು ಅನುಸರಿಸಿ ಹಲವು ಫ್ರೇಮ್‌ಗಳನ್ನು ಹೋಲಿಸಿ ತಗ್ಗಿಸುವ ಎಸ್‌ಎಂಡಿಗ್ರೇನ್‌ನಂಥದ್ದನ್ನು ಹಗುರಾಗಿ ಹಾಕು. ಬೆಂಕಿ, ಧೂಪದ ಹೊಗೆ, ನೀರು ಇರುವಲ್ಲಿ ಇನ್ನೂ ಹಗುರ. ಅಜ್ಜಿಯ ಕೆನ್ನೆಯ ಸುಕ್ಕು ಮಾಯವಾಗಿ ಮೇಣದ ಬೊಂಬೆಯಾಗಿ ಕಂಡರೆ ಅಲ್ಲಿಗೆ ನಿಲ್ಲಿಸಿ ಹಿಂದಕ್ಕೆ ಬಾ.

• ಎಐಗೆ ಮುಂಚೆ ಚೂಪು ಮಾಡಬೇಡ, ದೊಡ್ಡದೂ ಮಾಡಬೇಡ. ಡೆಕ್ಕಿನ ಶಾರ್ಪ್‌ನೆಸ್ ಗುಂಡಿಯನ್ನೂ ಇಳಿಸಿಡು. ಕ್ಯೂಟಿಜಿಎಂಸಿ ತಾನಾಗಿ ಸ್ವಲ್ಪ ಚೂಪು ಸೇರಿಸುತ್ತದೆ, ಅದನ್ನೂ ತಗ್ಗಿಸು. ಅಂಚಿನ ಸುತ್ತಲಿನ ಬಿಳಿ ಗೆರೆ ಹಿಗ್ಗಿದಾಗ ಹಗ್ಗದಷ್ಟು ದಪ್ಪವಾಗುತ್ತದೆ.

• ವಿಎಚ್‌ಎಸ್ ಚಿತ್ರದ ತಳದಲ್ಲಿ ಹರಿದಂತೆ ಕಾಣುವ ಕೆಲವು ಗೆರೆ ಇರುತ್ತವೆ. ಫೀಲ್ಡ್ ಬಿಡಿಸಿದ ಮೇಲೆ ಅವನ್ನು ಕತ್ತರಿಸು. 720×576ರ ಚುಕ್ಕಿಗಳು ಚೌಕವಲ್ಲ. 4:3ರ ಆಕಾರಕ್ಕೆ ತಿದ್ದುವುದನ್ನು ಕೊನೆಗೆ ಇಟ್ಟುಕೊ, ಇಲ್ಲದಿದ್ದರೆ ಎಲ್ಲರೂ ಊದಿಕೊಂಡೋ ಸೊರಗಿಯೋ ಕಾಣುತ್ತಾರೆ.

• ಅಕ್ಷರ ಇರುವ ಶಾಟ್‌ಗಳನ್ನು ಬೇರೆ ಇಡು. ಮದುವೆಯ ಟೈಟಲ್, ಅಂಗಡಿಯ ಬೋರ್ಡು, ಮೈಸೂರು ಸಂಸ್ಥಾನದವರು ಕಟ್ಟಿಸಿದ ಕರ್ನಾಟಕ ಘಾಟಿನ ಫಲಕ, ಇವುಗಳಲ್ಲಿ ಎಐ ಕನ್ನಡದ ಒತ್ತು, ದೀರ್ಘಗಳನ್ನು ಕೆಡಿಸಿ ಅಕ್ಷರದಂತೆ ಕಾಣುವ ಗೀಚು ಮಾಡುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಆ ಭಾಗಕ್ಕೆ ಮಾಸ್ಕ್ ಹಾಕಿ, ಸಾಧಾರಣವಾಗಿ ಹಿಗ್ಗಿಸಿದ ಮೂಲ ಚಿತ್ರವನ್ನೇ ಅಲ್ಲಿ ಕೂರಿಸು.

• ಮುಖ ತಿದ್ದುವ ಮಾದರಿಗಳ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಐರಿಸ್‌ನಂಥವು ಹತ್ತಿರದ ಮುಖಕ್ಕೆ ಒಳ್ಳೆಯ ಕೆಲಸ ಮಾಡಬಲ್ಲವು. ದೂರದ 18 ಗೆರೆಯ ಮುಖಕ್ಕೆ ಹಾಕಬೇಡ. ಬರುವ ಮುಖ ಸ್ಪಷ್ಟವಾಗಿರುತ್ತದೆ, ಚೆಂದವಾಗಿಯೂ ಇರುತ್ತದೆ, ಆದರೆ ಅದು ಅಜ್ಜಿಯದಲ್ಲ. ನಿನ್ನ ಮಕ್ಕಳು ಅವರನ್ನು ನೋಡಿಯೇ ಇಲ್ಲ. ತೋರಿಸಿದ್ದೇ ಅವರಿಗೆ ಅಜ್ಜಿಯಾಗುತ್ತದೆ. ಮಸುಕಾಗಿದ್ದರೂ ಚಿಂತೆಯಿಲ್ಲ, ಅವರದೇ ಮುಖ ಇರಲಿ.

ಇಷ್ಟೆಲ್ಲ ಪೂರ್ವತಯಾರಿ ಏಕೆ ಅನ್ನಿಸಿದರೆ ‘ಅಪರಾಜಿತೊ’ ನೆನಪಿಸಿಕೊ. ಸತ್ಯಜಿತ್ ರಾಯ್ 1956ರ ಆ ಚಿತ್ರದ ಮೊದಲ ಭಾಗವನ್ನು ತೆಗೆದದ್ದು ಇದೇ ಊರಿನ ಘಾಟುಗಳಲ್ಲಿ, ಗಲ್ಲಿಗಳಲ್ಲಿ. ಅದರ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬಿನ ಬೆಂಕಿಯಲ್ಲಿ ಸುಟ್ಟು ಮುರುಟಿಹೋಯಿತು. ಇಟಲಿಯ ಬೊಲೋನ್ಯದ ಲಿಮ್ಮಾಜಿನೆ ರಿತ್ರೊವಾತ ಲ್ಯಾಬಿನವರು ಸ್ಕ್ಯಾನರಿಗೆ ಹಾಕುವ ಮುಂಚೆ ಆ ಸುರುಳಿಗಳಿಗೆ ತೇವ ಕೊಟ್ಟು, ಕರಗಿದ ಅಂಟು-ಟೇಪು ಬಿಡಿಸಿ, ಅಂಚಿನ ಹರಿದ ತೂತುಗಳನ್ನು ಮತ್ತೆ ಕಟ್ಟಿದರು. ‘ಅಪರಾಜಿತೊ’ ಸೇರಿರುವ ಅಪು ಚಿತ್ರಮಾಲಿಕೆಗಾಗಿ ಆದ ಕೈಕೆಲಸವೇ ಸಾವಿರ ಗಂಟೆಯ ಹತ್ತಿರ. ‘ಅಪರಾಜಿತೊ’ದ ಮೂಲ ನೆಗೆಟಿವ್‌ನಲ್ಲಿ ಶೇಕಡಾ 60ಕ್ಕೂ ಹೆಚ್ಚು ಭಾಗ ಹೀಗೆ ಉಳಿಯಿತು, 2015ರಲ್ಲಿ ಜನ ಅದನ್ನು ಹೊಸದಾಗಿ ನೋಡಿದರು. ನಮ್ಮ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವೂ ಬೊಲೋನ್ಯದ ಅದೇ ಲ್ಯಾಬಿನಲ್ಲಿ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವಕ್ಕೆ ಹೋಯಿತು. ಅಲ್ಲೂ ಶುರುಮಾಡಿದ್ದು ಮೂಲ ನೆಗೆಟಿವ್‌ನಿಂದಲೇ.

ಉಳಿದ ಸಣ್ಣ ಮಾತುಗಳು:

• ಧ್ವನಿಯನ್ನು ಮೊದಲೇ ಬೇರೆ ತೆಗೆದಿಟ್ಟು ಹಾಗೇ ಕಾಪಾಡು. ಕೊನೆಗೆ ಜೋಡಿಸಿದಾಗ ಧ್ರುಪದ ಟೇಪಿನಲ್ಲಿ ಪಖಾವಜದ ಪೆಟ್ಟು ನೋಡು, ಒಂದೆರಡು ಫ್ರೇಮ್ ಜರುಗಿದ್ದರೂ ಅಲ್ಲಿ ಗೊತ್ತಾಗುತ್ತದೆ.

• ಎಐನಿಂದ ಹೊರಬರುವುದನ್ನು ಒಂದೇ ವಿಡಿಯೊ ಫೈಲಾಗಿ ತೆಗೆಯದೆ ಪಿಎನ್‌ಜಿ ಚಿತ್ರಗಳ ಸಾಲಾಗಿ ತೆಗೆ. ಇಲ್ಲಿ ಕರೆಂಟು ಹೋಗುವುದು ಹೊಸತಲ್ಲ, ನಿನ್ನ ಬೆಂಗಳೂರಲ್ಲೂ ಬೇಸಿಗೆಯಲ್ಲಿ ಹೋಗುತ್ತದೆ. ಒಂದೇ ಫೈಲಾದರೆ ರಾತ್ರಿಯಿಡೀ ಓಡಿದ್ದು ಕೆಟ್ಟು ಕೂರುತ್ತದೆ. ಚಿತ್ರಗಳ ಸಾಲಾದರೆ ನಿಂತ ಸಂಖ್ಯೆಯಿಂದ ಮುಂದುವರಿಸಬಹುದು. ಟೇಪು ಇಳಿಸಿಕೊಳ್ಳುವಾಗ ಮಾತ್ರ ಯುಪಿಎಸ್ ಇಲ್ಲದೆ ಕೂರಬೇಡ.

• ಇಡೀ ಟೇಪು ಓಡಿಸುವ ಮುಂಚೆ ಹತ್ತು ಸೆಕೆಂಡಿನ ತುಂಡುಗಳಲ್ಲಿ ನೋಡು: ಹತ್ತಿರದ ಒಂದು ಮುಖ, ಬಿಸಿಲಿನ ನೀರು, ರಾತ್ರಿಯ ಆರತಿ, ಮೆಟ್ಟಿಲು. ಸ್ಕ್ರಿಪ್ಟ್ ಹಾಕಿದ್ದು, ಹಾಕದ್ದು ಪಕ್ಕಪಕ್ಕ ಇಟ್ಟು ನಿನ್ನ ಅಪ್ಪನಿಗೆ ತೋರಿಸು. ಅವರು ಆ ಮುಖಗಳನ್ನು ಕಂಡವರು, ಯಾವುದು ಸರಿ ಎಂದು ಅವರೇ ಹೇಳಲಿ.

• ಮೂಲ ಫೈಲು, ಸ್ಕ್ರಿಪ್ಟು, ಎಐ ಮಾಡಿದ್ದು ಮೂರನ್ನೂ ಒಂದೇ ಹೆಸರಿನಲ್ಲಿ ಇಡು. ಮೂರನೆಯದರ ಹೆಸರಿನಲ್ಲಿ ‘ಎಐ’ ಎಂದು ಸೇರಿಸು, ಮುಂದೆ ಯಾರೂ ಅದನ್ನೇ ಮೂಲ ಅಂದುಕೊಳ್ಳಬಾರದು. ಮೂಲದ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಲಿ, ನನಗೆ ಕಳಿಸಿದರೆ ಇಲ್ಲಿ ಇಟ್ಟುಕೊಳ್ಳುತ್ತೇನೆ.

ಈ ವಾರ ಎಐ ತಂಟೆಗೆ ಹೋಗಬೇಡ. ವಿಎಚ್‌ಎಸ್ ಮತ್ತು ಹೈ8 ಎರಡನ್ನೂ ಮೊದಲು ಇಳಿಸಿಕೊ, ಅವು ಕಾಯುವುದಿಲ್ಲ. ಹೈ8ಗೆ ಅದೇ ಜಾತಿಯ ಕ್ಯಾಮೆರಾ ಬೇಕು. ನಿನ್ನ ಅಪ್ಪನ ಅಲ್ಮೆರಾದ ಮೇಲಿನ ಖಾನೆಯಲ್ಲಿ ಒಂದು ಇತ್ತು, ಅದರ ಚಾರ್ಜರ್ ಸಮೇತ ಹುಡುಕಿ ನೋಡು. ಇಲ್ಲದಿದ್ದರೆ ಹೇಳು, ನನ್ನದನ್ನು ಬರುವವರ ಕೈಯಲ್ಲಿ ಕಳಿಸುತ್ತೇನೆ.